ಅರಮನೆ ದೀಪ, ಬೃಂದಾವನದ ಕಾರಂಜಿ ಎರಡೂ ಒಂದೇ ಸಂಜೆ ಅಂದರೆ ದುಡ್ಡು ಕೊಡಬೇಡಿ

ಮೈಸೂರಿಗೆ ಒಂದು ದಿನದ ಟೂರ್ ಅಂತ ವಾಟ್ಸಾಪ್‌ನಲ್ಲಿ ಪೋಸ್ಟರ್ ಓಡಾಡುತ್ತಲ್ಲ, ಅದಕ್ಕೆ ಅಡ್ವಾನ್ಸ್ ಹಾಕುವ ಮುಂಚೆ ಇದನ್ನು ಓದಿ. ಹೋದ ಭಾನುವಾರ ಬೆಂಗಳೂರಿನಿಂದ ನಾವು ಆರು ಜನ ಹೋಗಿದ್ದೆವು. ತಲೆಗೆ 1,450 ರೂಪಾಯಿ. ನಾನು, ಅಮ್ಮ, ನನ್ನ ಮಗ, ಪಕ್ಕದ ಮನೆ ಅಕ್ಕ, ಅವರ ಯಜಮಾನರು, ಅವರ ಮಗಳು. ಅವರನ್ನು ಒತ್ತಾಯ ಮಾಡಿ ಹೊರಡಿಸಿದ್ದು ನಾನೇ. ಈಗ ಗೇಟಲ್ಲಿ ಸಿಕ್ಕರೆ ಮುಖ ಎತ್ತಿ ಮಾತಾಡೋಕೆ ಆಗುತ್ತಿಲ್ಲ.

ಪೋಸ್ಟರ್‌ನಲ್ಲಿ ಇದ್ದದ್ದು ಇಷ್ಟು. ದರಿಯಾ ದೌಲತ್, ಅರಮನೆ, ಚಿನ್ನದ ಸಿಂಹಾಸನ, ಬೃಂದಾವನದ ಸಂಗೀತ ಕಾರಂಜಿ, ಕೊನೆಗೆ ಅರಮನೆಯ ದೀಪಾಲಂಕಾರ. ಅಮ್ಮನಿಗೆ ಬೇಕಾಗಿದ್ದು ಆ ಕೊನೆಯದೊಂದೇ. ಮದುವೆಗೆ ಮುಂಚೆ ಒಂದು ದಸರಾದಲ್ಲಿ ತಾತನ ಜೊತೆ ನೋಡಿದ್ದಳಂತೆ. "1 ಲಕ್ಷದ ಹತ್ತಿರ ಬಲ್ಬು ಕಣೋ, ಎಲ್ಲಾ ಒಂದೇ ಸಲ ಹತ್ತುತ್ತೆ" ಅಂತ ವಾರವಿಡೀ ನನ್ನ ಮಗನಿಗೆ ಹೇಳಿದ್ದೇ ಹೇಳಿದ್ದು. ಭಾನುವಾರ ಮತ್ತು ಸರ್ಕಾರಿ ರಜೆ ದಿನ ಸಂಜೆ 7ಕ್ಕೆ ದೀಪ ಹಾಕುತ್ತಾರೆ ಅಂತ ನಾನೂ ವಿಚಾರಿಸಿಕೊಂಡೇ ಭಾನುವಾರ ಬುಕ್ ಮಾಡಿದ್ದೆ.

ಸ್ಯಾಟಲೈಟ್ ಬಸ್ ಸ್ಟ್ಯಾಂಡ್ ಹತ್ತಿರ ಬೆಳಿಗ್ಗೆ 6ಕ್ಕೆ ಬನ್ನಿ ಅಂದರು. ಬಸ್ ಬಂದಿದ್ದು 7.40ಕ್ಕೆ. ಕೆಂಗೇರಿಯಲ್ಲಿ ಇನ್ನೂ ಅರ್ಧ ಗಂಟೆ ನಿಲ್ಲಿಸಿ ಬಾಕಿ ದುಡ್ಡು ವಸೂಲಿ ಮಾಡಿದರು. ಟೂರ್ ಅಂದರೆ ಇದೆಲ್ಲ ಇದ್ದದ್ದೇ ಅಂತ ಸುಮ್ಮನಿದ್ದೆ. ಶ್ರೀರಂಗಪಟ್ಟಣದ ದರಿಯಾ ದೌಲತ್‌ಗೆ 20 ನಿಮಿಷ ಕೊಟ್ಟರು. 1784ರಲ್ಲಿ ಟಿಪ್ಪು ಕಟ್ಟಿಸಿದ ಬೇಸಿಗೆ ಅರಮನೆ, ಗೋಡೆ ತುಂಬ ಯುದ್ಧದ ಚಿತ್ರಗಳಿವೆ, ತೋಟ ದಾಟಿ ಅಲ್ಲಿಗೆ ಹೋಗುವಷ್ಟರಲ್ಲೇ ಅರ್ಧ ಸಮಯ ಮುಗಿದಿತ್ತು.

ಆದರೆ ಸೀರೆ ಅಂಗಡಿಗೆ ಎಷ್ಟು ಹೊತ್ತು ಗೊತ್ತಾ? 1 ಗಂಟೆ 50 ನಿಮಿಷ. ಪೋಸ್ಟರ್‌ನಲ್ಲಿ ಅದರ ಹೆಸರೇ ಇರಲಿಲ್ಲ. "ಸರ್ಕಾರಿ ಮಳಿಗೆ, ಅಸಲಿ ಮೈಸೂರು ಸಿಲ್ಕ್" ಅಂತ ಒಳಗೆ ಕಳಿಸಿ ಡ್ರೈವರ್ ಬಸ್‌ಗೆ ಬೀಗ ಹಾಕಿಕೊಂಡು ಹೋದ. ಬಿಸಿಲಲ್ಲಿ ನಿಲ್ಲೋಕೆ ಆಗದೆ ಎಲ್ಲರೂ ಒಳಗೇ ಕೂತೆವು. ಅಕ್ಕ 7,200 ಕೊಟ್ಟು ಒಂದು ಸೀರೆ ತಗೊಂಡರು. ಮನೆಗೆ ಬಂದು ನೋಡಿದರೆ ಬಿಲ್‌ನಲ್ಲಿ ಕೆಎಸ್‌ಐಸಿ (ಸರ್ಕಾರದ ರೇಷ್ಮೆ ನಿಗಮ) ಅಂತ ಎಲ್ಲೂ ಇಲ್ಲ. ಸೀರೆಯಲ್ಲಿ ಹೊಲೊಗ್ರಾಂ ಇಲ್ಲ, ನಂಬರ್ ಇಲ್ಲ. ಸರ್ಕಾರಿ ಮೈಸೂರು ಸಿಲ್ಕ್ ಅಂದರೆ ಕೆಎಸ್‌ಐಸಿಯದ್ದು, ಅದಕ್ಕೆ ಎರಡೂ ಇರುತ್ತೆ.

ಅರಮನೆ ಮುಟ್ಟಿದ್ದು 4.05ಕ್ಕೆ. ಟಿಕೆಟ್, ಚಪ್ಪಲಿ ಸ್ಟ್ಯಾಂಡ್, ಸಾಲು ಎಲ್ಲ ಕಳೆದು ಒಳಗೆ ಸಿಕ್ಕಿದ್ದು 40 ನಿಮಿಷ. ಹಳೇ ಮರದ ಅರಮನೆ 1897ರಲ್ಲಿ ಮದುವೆ ಸಮಯದಲ್ಲಿ ಸುಟ್ಟುಹೋಗಿದ್ದು, ಈಗಿನದು 1912ಕ್ಕೆ ಮುಗಿದಿದ್ದು, ಎಲ್ಲವನ್ನೂ ಗೈಡ್ ನಡೆಯುತ್ತಲೇ ಒಂದೇ ಉಸಿರಿಗೆ ಹೇಳಿದ. ಕಲ್ಯಾಣ ಮಂಟಪದಲ್ಲಿ ಮಗ ಕತ್ತೆತ್ತಿ ಗಾಜಿನ ನವಿಲುಗಳನ್ನು ಎಣಿಸುತ್ತಿದ್ದ, ಅಷ್ಟರಲ್ಲಿ ಚಪ್ಪಾಳೆ ತಟ್ಟಿ "ಬನ್ನಿ ಬನ್ನಿ" ಅಂತ ಹೊರಡಿಸಿದರು. ಸಿಂಹಾಸನ ಎಲ್ಲಿ ಅಂತ ಕೇಳಿದೆ.

"ಅದು ದಸರಾಕ್ಕೆ ಮಾತ್ರ ಮೇಡಂ. ಜೋಡಿಸೋದೇ ಆಗ."

"ಮತ್ತೆ ಪೋಸ್ಟರ್‌ನಲ್ಲಿ ಹಾಕಿದ್ದೀರಲ್ಲ?"

"ಅದು ಆಫೀಸಿನವರು ಹಾಕಿರೋದು."

ಆಗಲೇ ನನಗೆ ಅನುಮಾನ ಬರಬೇಕಿತ್ತು. ಬಸ್ ಹತ್ತುವಾಗ ಗೈಡ್‌ನನ್ನು ಕೇಳಿದೆ, ಬೃಂದಾವನ ಬೇಡ, ನಾವು ಆರು ಜನ ಇಲ್ಲೇ ಇದ್ದು 7ಕ್ಕೆ ದೀಪ ನೋಡುತ್ತೇವೆ, ಆಮೇಲೆ ಬಂದು ಹತ್ತಿಸಿಕೊಳ್ಳಿ ಅಂತ. "ಅಯ್ಯೋ ಯಾಕೆ ಮೇಡಂ, ಕಾರಂಜಿ ನೋಡ್ಕೊಂಡು ವಾಪಸ್ ಇಲ್ಲಿಗೇ ಬರ್ತೀವಿ. ಅಮ್ಮನಿಗೆ ಕಿಟಕಿ ಸೀಟು ಕೊಡಿಸ್ತೀನಿ" ಅಂದ. ನಂಬಿದೆ. ಬೃಂದಾವನ ಮೈಸೂರಿಂದ ಸುಮಾರು 20 ಕಿಲೋಮೀಟರ್. ಕಾರಂಜಿ ಶುರುವಾಗುವುದೇ ಕತ್ತಲಾದ ಮೇಲೆ. ಅರಮನೆ ದೀಪ ಇರುವುದು ಒಂದು ಗಂಟೆಯೂ ಇಲ್ಲ. ಎರಡೂ ಹೇಗೆ ಆಗುತ್ತೆ? ದಾರಿ ಗೊತ್ತಿರುವ ಅವನಿಗೆ ಆಗಲ್ಲ ಅಂತ ಬೆಳಿಗ್ಗೆಯೇ ಗೊತ್ತಿತ್ತು.

ಬೃಂದಾವನದ ಗೇಟಿಗೆ 6.25ಕ್ಕೆ ಬಂದೆವು, 7.10ಕ್ಕೆ ಬಸ್ಸಿನಲ್ಲಿರಬೇಕು ಅಂದರು. ಕಾರಂಜಿ ಇರುವುದು ನೀರಿನ ಆಚೆ ಬದಿ, ಅಮ್ಮನಿಗೆ ಮಂಡಿ ನೋವು, ಭಾನುವಾರದ ಜನ. ಅರ್ಧ ದಾರಿಯಲ್ಲಿ ಹಾಡು ಕೇಳಿಸಿತು, ಅಲ್ಲಿಂದಲೇ ತಿರುಗಿದೆವು. ದೀಪ ಸಿಗುತ್ತಲ್ಲ ಅಂತ. ಬಸ್ ಹೊರಟಿದ್ದು 7.35ಕ್ಕೆ. ಅಮ್ಮ ಕಿಟಕಿ ಗಾಜು ಸೆರಗಲ್ಲಿ ಒರೆಸಿಕೊಂಡು ಕೂತಳು. ಸ್ವಲ್ಪ ಹೊತ್ತಾದ ಮೇಲೆ "ಬೆಂಗಳೂರು ಅಂತ ಬೋರ್ಡು ಇದೆಯಲ್ಲೇ, ಅರಮನೆ ಈ ಕಡೆನಾ?" ಅಂದಳು. ನಾನು ಎದ್ದು ಮುಂದೆ ಹೋದೆ. ಬಸ್ ಮೈಸೂರಿಗೆ ತಿರುಗಿರಲೇ ಇಲ್ಲ. ಶ್ರೀರಂಗಪಟ್ಟಣದ ಕಡೆಯಿಂದ ನೇರ ವಾಪಸ್.

"ಟೈಮ್ ಆಗೋಯ್ತು ಮೇಡಂ, ದೀಪ ಆರಿಸಿರ್ತಾರೆ."

"ಬರ್ತೀವಿ ಅಂತ ನೀನೇ ಹೇಳಿದ್ದಲ್ವಾ?"

"ಟ್ರಾಫಿಕ್‌ಗೆ ನಾವೇನು ಮಾಡೋಕಾಗುತ್ತೆ?"

ಅಂಗಡಿಯಲ್ಲಿ ಕಳೆದ ಎರಡು ಗಂಟೆ ಟ್ರಾಫಿಕ್ಕಾ? ಜೋರಾಗಿಯೇ ಕೇಳಿದೆ. ಹಿಂದಿನ ಸೀಟಿನವರು "ಬಿಡಿ ಮೇಡಂ, ಲೇಟಾಗುತ್ತೆ" ಅಂದರು. ಅಮ್ಮ ನನ್ನ ಕೈ ಹಿಡಿದು ಕೂರಿಸಿದಳು. ಕೆಂಗೇರಿವರೆಗೂ ಒಂದು ಮಾತಾಡಲಿಲ್ಲ.

ಸೋಮವಾರ ಆಫೀಸಿಗೆ ಮೆಸೇಜ್ ಹಾಕಿದೆ, ಅರ್ಧ ದುಡ್ಡಾದರೂ ವಾಪಸ್ ಕೊಡಿ ಅಂತ. ಮೊದಲ ಉತ್ತರ, "ಅರಮನೆ ತೋರಿಸಿದ್ದೀವಲ್ಲ ಮೇಡಂ." ಎರಡನೇದು, "ಕೆಳಗೆ ಸಮಯಾವಕಾಶ ಇದ್ದರೆ ಅಂತ ಬರೆದಿದೆ ನೋಡಿ." ಪೋಸ್ಟರ್ ದೊಡ್ಡದು ಮಾಡಿ ನೋಡಿದೆ, ಹೌದು, ಹಳದಿ ಮೇಲೆ ಬಿಳಿ ಅಕ್ಷರದಲ್ಲಿ ಇತ್ತು. ಮೂರನೇದು, "ಬೇರೆ ಯಾರೂ ಕಂಪ್ಲೇಂಟ್ ಮಾಡಿಲ್ಲ, ನಿಮಗೊಬ್ಬರಿಗೇ ಪ್ರಾಬ್ಲಂ." ಇದನ್ನು ಓದಿ ನನಗೆ ಅಳುವೇ ಬಂತು.

ಹೋಗುವವರು ರೈಲಲ್ಲೋ ಕೆಎಸ್‌ಆರ್‌ಟಿಸಿ ಬಸ್ಸಲ್ಲೋ ಹೋಗಿ. ಅರಮನೆ ದೀಪ ಬೇಕಾದರೆ ಸಂಜೆ ಅಲ್ಲೇ ಇರಿ, ಬೃಂದಾವನ ಇನ್ನೊಂದು ದಿನಕ್ಕೆ ಇಟ್ಟುಕೊಳ್ಳಿ, ಮೈಸೂರಿಂದ ಬೃಂದಾವನ ಇರುವ ಕೆಆರ್‌ಎಸ್‌ಗೆ ಸಿಟಿ ಬಸ್ ಇದೆ. ಟೂರ್‌ನಲ್ಲೇ ಹೋಗುತ್ತೀರಾದರೆ ಅರಮನೆ ಮುಂದೆ 7ಕ್ಕೆ ಬಸ್ ಇರುತ್ತಾ ಅಂತ ಮೆಸೇಜಿನಲ್ಲೇ ಬರೆಸಿಕೊಳ್ಳಿ, ಪೂರ್ತಿ ದುಡ್ಡು ಮೊದಲೇ ಕೊಡಬೇಡಿ. ಅಂಗಡಿಗೆ ನಿಲ್ಲಿಸಿದರೆ ಎಲ್ಲರೂ ಸೇರಿ ಬೇಡ ಅನ್ನಿ, ನಾವು ಅನ್ನಲಿಲ್ಲ.

ಅಕ್ಕನ ಮನೆಯವರ ಮೂರು ಟಿಕೆಟ್ ದುಡ್ಡು ನಾನೇ ಕೊಡೋಕೆ ಹೋದೆ, ತಗೊಳ್ಳಲಿಲ್ಲ. ಅಮ್ಮ ಹದಿನೈದು ದಿನ ಬಿಟ್ಟು ಊರಿಗೆ ಹೊರಡುತ್ತಾಳೆ. ಅದಕ್ಕೆ ಮುಂಚೆ ಒಂದು ಭಾನುವಾರಕ್ಕೆ ರೈಲಿಗೆ ಮೂರು ಟಿಕೆಟ್ ಮಾಡಿಸಿದ್ದೇನೆ.