ನೊಣದ ಆಯಸ್ಸು ಅಳೆಯಲು ಯೀಸ್ಟ್ ಊಟವೋ, ರಾಸಾಯನಿಕ ಊಟವೋ?

ಊಟ ಬದಲಾದರೆ ಹಣ್ಣಿನ ನೊಣ ಎಷ್ಟು ದಿನ ಬದುಕುತ್ತದೆ ಅಂತ ನೋಡಬೇಕೇ? ಯೀಸ್ಟ್, ಸಕ್ಕರೆ, ಅಗರ್ (ಊಟವನ್ನು ಗಟ್ಟಿ ಮಾಡುವ ಪುಡಿ) ಬೆರೆಸಿದ ಊಟ ಅಗ್ಗ, ಮಾಡುವುದೂ ಸುಲಭ. ಆದರೆ ಯೀಸ್ಟ್‌ನಲ್ಲಿ ಪ್ರೋಟೀನ್ ಜೊತೆ ವಿಟಮಿನ್, ಕೊಬ್ಬು, ಲವಣ ಎಲ್ಲವೂ ಇವೆ. ಯೀಸ್ಟ್ ಇಳಿಸಿದಾಗ ಆಯಸ್ಸು ಹೆಚ್ಚಿದರೆ ಅದಕ್ಕೆ ಕಾರಣ ಯಾವುದು? ಹೇಳುವುದು ಕಷ್ಟ. ಯೀಸ್ಟ್‌ನ ಬ್ರ್ಯಾಂಡ್ ಬದಲಾದರೂ ಫಲಿತಾಂಶ ಬದಲಾಗಬಹುದು.

ಪ್ರೋಟೀನ್ ಕಟ್ಟುವ ಅಮೈನೋ ಆಮ್ಲಗಳನ್ನು ಒಂದೊಂದಾಗಿ ತೂಗಿ ಮಾಡುವ ರಾಸಾಯನಿಕ ಊಟದಲ್ಲಿ ಈ ಗೊಂದಲ ಇಲ್ಲ. ಖರ್ಚು ಮಾತ್ರ ಜಾಸ್ತಿ, ಮರಿಹುಳುಗಳೂ ನಿಧಾನವಾಗಿ ಬೆಳೆಯುತ್ತವೆ. ಅವನ್ನು ಯೀಸ್ಟ್ ಊಟದಲ್ಲೇ ಬೆಳೆಸಿ, ರೆಕ್ಕೆ ಬಂದ ಮೇಲೆ ರಾಸಾಯನಿಕ ಊಟಕ್ಕೆ ಬದಲಿಸಿ. ಮೊದಲ ಪ್ರಯೋಗಕ್ಕೆ ನಾನಾದರೆ ಯೀಸ್ಟನ್ನೇ ಆರಿಸುತ್ತೇನೆ.

ಯಾವುದಾದರೂ ಸರಿ, 2-3 ದಿನಕ್ಕೊಮ್ಮೆ ಹೊಸ ಸೀಸೆಗೆ ವರ್ಗಾಯಿಸಿ. ಹಳೇ ಊಟಕ್ಕೆ ಅಂಟಿಕೊಂಡು ಸತ್ತ ನೊಣ ಲೆಕ್ಕ ಕೆಡಿಸಬಾರದು, ಅಲ್ವಾ?