ಸೌಂಡ್ ಬಾಕ್ಸ್ ಮತ್ತು ಯುಪಿಐ: ಗಲ್ಲಾದ ಈ ಕಡೆ ಕೂತವನ ವಿಮರ್ಶೆ

ಯುಪಿಐ ದುಡ್ಡು ಬಂದ ಕೂಡಲೇ ಮೊತ್ತ ಕೂಗಿ ಹೇಳುವ ಸೌಂಡ್ ಬಾಕ್ಸನ್ನು ನಾನು ಆಸೆಪಟ್ಟು ತಂದಿದ್ದಲ್ಲ, ಗಿರಾಕಿಗಳು ತರಿಸಿದ್ದು. ತುಮಕೂರಿನಲ್ಲಿ ಕಾಲೇಜೊಂದರ ಹತ್ತಿರ ನಮ್ಮದು ಸಣ್ಣ ದಿನಸಿ ಅಂಗಡಿ. ಹಾಲು, ಬ್ರೆಡ್ಡು, ಬೇಳೆ, ಬಾಳೆಹಣ್ಣು, ಸೋಪು, ಪೆನ್ನು ಇಷ್ಟೇ. ಯುಪಿಐ ಸ್ಟಿಕ್ಕರ್ ಅಂಟಿಸಿ ವರ್ಷಗಳಾದವು, ಈ ಮಾತಾಡುವ ಡಬ್ಬ ಬಂದೂ ವರ್ಷಗಳಾದವು. ಯಾವ ಕಂಪನಿಯದು ಅಂತ ಹೇಳಲ್ಲ. ಎಲ್ಲರದ್ದೂ ಹೆಚ್ಚು ಕಡಿಮೆ ಒಂದೇ.

ಯುಪಿಐಗಿಂತ ಮೊದಲು ಸ್ವೈಪಿಂಗ್ ಮಿಷನ್ ಇತ್ತು. 2016ರ ನವೆಂಬರ್‌ನಲ್ಲಿ 500, 1000ದ ನೋಟು ನಿಂತಾಗ ಎಲ್ಲರ ಹಾಗೆ ನಾವೂ ತಂದಿಟ್ಟೆವು. ಧೂಳು ಹಿಡಿಯಿತು. ಅರ್ಧ ಲೀಟರ್ ಹಾಲಿಗೆ ಕಾರ್ಡ್ ತೆಗೆಯೋರು ಯಾರು? ಹೊಸ ನೋಟು ಕೈಗೆ ಬಂದ ತಕ್ಷಣ ಜನ ಮತ್ತೆ ನೋಟಿಗೇ ವಾಪಸ್. ಯುಪಿಐ ಅದೇ ವರ್ಷ ಏಪ್ರಿಲ್‌ನಲ್ಲೇ ಶುರುವಾಗಿತ್ತು, ಆದರೆ ನಮ್ಮ ರಸ್ತೆಯಲ್ಲಿ ಅದರ ಸುದ್ದಿಯೇ ಇರಲಿಲ್ಲ. ಅದನ್ನು ಇಲ್ಲಿಗೆ ತಂದವರು ಕಾಲೇಜು ಹುಡುಗರು. "ಅಣ್ಣಾ, ಸ್ಕ್ಯಾನರ್ ಇಲ್ವಾ?" ಅಂತ ಕೇಳೋರು, ಇಲ್ಲ ಅಂದರೆ ಕೈಯಲ್ಲಿದ್ದ ಬಿಸ್ಕತ್ ಪ್ಯಾಕೆಟ್ಟನ್ನು ಗಲ್ಲಾದ ಮೇಲೇ ಇಟ್ಟು ಪಕ್ಕದ ಅಂಗಡಿಗೆ ನಡೆಯೋರು. ನಾಲ್ಕು ಜನ ಹೀಗೆ ಹೋದರೆ ಯಾವ ಅಂಗಡಿಯವನಾದರೂ ಸ್ಟಿಕ್ಕರ್ ಅಂಟಿಸುತ್ತಾನೆ. ಸರ್ಕಾರ ಹೇಳಿತು ಅಂತಲ್ಲ, ಕ್ಯಾಶ್‌ಬ್ಯಾಕ್ ಆಸೆಗೂ ಅಲ್ಲ.

ನನ್ನ ಪ್ರಕಾರ ಯುಪಿಐ ಗೆದ್ದಿದ್ದು ಚಿಲ್ಲರೆ ಕಾಟದಿಂದ. 27 ರೂಪಾಯಿ ಸಾಮಾನಿಗೆ 100ರ ನೋಟು ಕೊಡೋರು, 70 ಕೊಟ್ಟು ಉಳಿದ ಮೂರು ರೂಪಾಯಿಗೆ ಚಾಕ್ಲೇಟು ಹಾಕಿದರೆ ಮುಖ ಗಂಟಿಕ್ಕೋರು. 10 ರೂಪಾಯಿ ನಾಣ್ಯ ಚೀಲಗಟ್ಟಲೆ ಇದ್ದರೆ ಆ 70 ಕೊಡೋದಾದರೂ ಸುಲಭವಾಗುತ್ತಿತ್ತು, ಆದರೆ ಅದು ನಡೆಯಲ್ಲ ಅಂತ ಯಾರೋ ಎಬ್ಬಿಸಿದ ಗಾಳಿಸುದ್ದಿಗೆ ನಮ್ಮ ಕಡೆ ಜನ ಅದನ್ನು ಮುಟ್ಟುತ್ತಲೇ ಇರಲಿಲ್ಲ. ನಡೆಯುತ್ತೆ, ತಗೊಳ್ಳಿ ಅಂತ ಆರ್‌ಬಿಐ ಎಷ್ಟೋ ಸಲ ಹೇಳಿತು. ಕೇಳಿದವರು ಯಾರು? ಅದೇ ಜನ, ಯಾರೂ ಒತ್ತಾಯ ಮಾಡದೆ, ಗೋಡೆಗೆ ಅಂಟಿಸಿದ ಕಾಗದದ ಮುಂದೆ ಫೋನು ಹಿಡಿದು ದುಡ್ಡು ಕಳಿಸುತ್ತಾರೆ. ಕೈಗೆ ಸುಲಭ ಅನಿಸಿದ್ದು ನಿಲ್ಲುತ್ತೆ, ಅಷ್ಟೆ. ಈಗ ಕೆಲವು ಹುಡುಗರು ಯುಪಿಐ ಲೈಟ್ ಬಳಸುತ್ತಾರೆ, ಪಿನ್ ಒತ್ತುವ ಗೋಜಿಲ್ಲ. 12 ರೂಪಾಯಿ ಪೆನ್ನು ತಗೊಂಡು ಹಣ ಕಳಿಸಿ ಹೋಗೋದರೊಳಗೆ ನಾನು ಇನ್ನೂ ತಲೆ ಎತ್ತಿರಲ್ಲ.

ಇನ್ನು ಡಬ್ಬದ ವಿಷಯ. ಬೆಳಿಗ್ಗೆ ಹಾಲಿನ ಹೊತ್ತಲ್ಲಿ ಪ್ರತಿಯೊಬ್ಬರ ಫೋನಿನಲ್ಲಿ ಹಸಿರು ಟಿಕ್ ನೋಡುತ್ತಾ ನಿಲ್ಲೋಕಾಗಲ್ಲ. ಹಳೇ ಸ್ಕ್ರೀನ್‌ಶಾಟ್ ತೋರಿಸಿ ಹೋಗೋರೂ ಇದ್ದಾರೆ. ನಮ್ಮಪ್ಪನಿಗೆ ಮೆಸೇಜು ಓದೋಕೆ ಕನ್ನಡಕ ಬೇಕು, ಕನ್ನಡಕ ಹುಡುಕೋಕೆ ನಾನು ಬೇಕು. ಡಬ್ಬ ಬಂದ ಮೇಲೆ ಅವರು ಬೇಳೆ ತೂಗುತ್ತಲೇ ಒಂದು ಕಿವಿ ಆ ಕಡೆ ಇಟ್ಟಿರುತ್ತಾರೆ. ಅದು ಕನ್ನಡದಲ್ಲಿ ಮೊತ್ತ ಹೇಳಿದ ಕೂಡಲೇ "ಬಂತು ಹೋಗಪ್ಪಾ" ಅಂದುಬಿಡುತ್ತಾರೆ. ಇದೊಂದಕ್ಕೇ ನಾನು ಬಾಡಿಗೆ ಕಟ್ಟುತ್ತಿರೋದು.

ತೊಂದರೆಗಳಿಲ್ಲ ಅಂತಲ್ಲ. ಒಳಗಿರೋದು ಸಿಮ್ಮು. ಮಳೆ ಬಂದು ನೆಟ್‌ವರ್ಕ್ ಬಿದ್ದರೆ ಡಬ್ಬ ಸುಮ್ಮನಾಗುತ್ತೆ, ಗಿರಾಕಿ "ಕಟ್ ಆಗಿದೆ ಅಣ್ಣಾ" ಅಂತಾನೆ, ನಾನು "ಬಂದಿಲ್ಲಪ್ಪಾ" ಅಂತೀನಿ. ಅವನು ಹೋಗಿ ಸ್ವಲ್ಪ ಹೊತ್ತಾದ ಮೇಲೆ, ಅಂಗಡಿಯಲ್ಲಿ ಒಂದು ನರಪಿಳ್ಳೆಯೂ ಇಲ್ಲದಾಗ, ಕೂಗುತ್ತೆ. ಇಬ್ಬರು ಒಂದೇ ಮೊತ್ತ ಹಾಕಿದರೆ ಕೂಗಿದ್ದು ಯಾರದ್ದು ಅಂತ ಮತ್ತೆ ಫೋನೇ ನೋಡಬೇಕು. ಡಬ್ಬದ್ದಲ್ಲ, ಆದರೂ ಹೇಳುತ್ತೇನೆ: 2025ರ ಏಪ್ರಿಲ್ 12, ಶನಿವಾರ, ದೇಶದ ತುಂಬಾ ಯುಪಿಐ ಕೈಕೊಟ್ಟಿತಲ್ಲ, ಅವತ್ತು ಸಾಲದ ಪುಸ್ತಕ ಮತ್ತೆ ಹೊರಗೆ ಬಂತು. ಜೇಬಲ್ಲಿ 20 ರೂಪಾಯಿ ಇಲ್ಲದ ಹುಡುಗರೇ ಎಲ್ಲ.

ಆದರೂ ನೋಟು ಬಿಡದ ಗಿರಾಕಿಗಳಿದ್ದಾರೆ, ಅವರಿಗೆ ಫೋನ್ ಬಳಸೋಕೆ ಬರಲ್ಲ ಅಂದುಕೊಂಡರೆ ತಪ್ಪು. ಬೀದಿಯ ಹೆಂಗಸರು ವಾಟ್ಸಾಪಲ್ಲಿ ನನಗಿಂತ ಚುರುಕು. ಗೃಹಲಕ್ಷ್ಮಿಯ 2000 ಖಾತೆಗೆ ಬಿದ್ದರೆ ಅಷ್ಟನ್ನೂ ಬಿಡಿಸಿಕೊಂಡು ಬಂದು ನೋಟಿನಲ್ಲೇ ಕೊಡೋರು ಎಷ್ಟೋ ಜನ. ಒಬ್ಬ ಅಕ್ಕನನ್ನು ಕೇಳಿದೆ. "ಮೆಸೇಜು ನಮ್ಮ ಯಜಮಾನರ ಫೋನಿಗೆ ಹೋಗುತ್ತಪ್ಪಾ, ಆಮೇಲೆ ಒಂದೊಂದಕ್ಕೂ ಲೆಕ್ಕ ಕೇಳ್ತಾರೆ" ಅಂದರು. ಮುಗಿಯಿತು. ಸಾಸಿವೆ ಡಬ್ಬಿಯಲ್ಲಿಟ್ಟ ದುಡ್ಡಿಗೆ ಮೆಸೇಜು ಬರಲ್ಲ. ಶನಿವಾರ ಬಟವಾಡೆ ತಗೊಳ್ಳುವ ಗಾರೆ ಕೆಲಸದವರೂ ನೋಟಿನವರೇ, ಕೂಲಿ ನೋಟಲ್ಲಿ ಬಂದರೆ ಅಕ್ಕಿಯ ದುಡ್ಡೂ ನೋಟಲ್ಲೇ ತಾನೆ ಕೊಡೋದು. ನನಗೂ ಅವರು ಬೇಕು. ಬೀಡಿ, ಚಿಪ್ಸ್ ಹಾಕೋಕೆ ಬರುವ ಲೈನ್ ಗಾಡಿಯವರು ಕ್ಯಾಶೇ ಕೇಳುತ್ತಾರೆ, ಗಲ್ಲಾದಲ್ಲಿ ನೋಟು ಇರಲ್ಲ, ಎಲ್ಲ ಬ್ಯಾಂಕಲ್ಲಿ ಕೂತಿರುತ್ತೆ.

ಅಂಗಡಿಯವರೇ ಯುಪಿಐ ಬೇಡ ಅಂದರೆ ಏನಾಗುತ್ತೆ ಅನ್ನೋದನ್ನೂ ನೋಡಿದ್ದಾಯಿತು. 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ಹಿಡಿದು ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿತು. ಸರಕು ಮಾರೋರಿಗೆ ವರ್ಷಕ್ಕೆ 40 ಲಕ್ಷ, ಸೇವೆಯವರಿಗೆ 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು ಅನ್ನೋದು ನಿಯಮ. ಬೆಂಗಳೂರಿನಲ್ಲಿ "ನೋ ಯುಪಿಐ, ಓನ್ಲಿ ಕ್ಯಾಶ್" ಬೋರ್ಡುಗಳು ಎದ್ದವು. ನಮಗೆ ನೋಟಿಸ್ ಬರಲಿಲ್ಲ, ಆದರೆ ನಮ್ಮ ಸಾಲಿನಲ್ಲೂ ಒಂದಿಬ್ಬರು ಸ್ಟಿಕ್ಕರ್ ಕಿತ್ತರು. ಹುಡುಗರು ಜಗಳ ಆಡಲಿಲ್ಲ, ಬೈಯಲಿಲ್ಲ, ಸುಮ್ನೆ ನಮ್ಮ ಅಂಗಡಿಗೆ ಬಂದರು. ಹಳೇ ಬಾಕಿ ತೆರಿಗೆ ವಸೂಲಿ ಮಾಡಲ್ಲ ಅಂತ ಮುಖ್ಯಮಂತ್ರಿ ಸಿದ್ದರಾಮಯ್ಯ ವ್ಯಾಪಾರಿಗಳ ಸಭೆಯಲ್ಲಿ ಹೇಳಿದ ಮೇಲೆ ಸ್ಟಿಕ್ಕರ್ ವಾಪಸ್ ಬಂತು. ನೋಂದಣಿ ಮಾಡಿಸಿಕೊಳ್ಳಿ ಅಂದಿದ್ದನ್ನು ಮಾತ್ರ ಯಾರೂ ಜೋರಾಗಿ ಹೇಳುತ್ತಿಲ್ಲ.

ಖರ್ಚಿನ ಮಾತು. ಬ್ಯಾಂಕ್ ಖಾತೆಯಿಂದ ಬರುವ ಯುಪಿಐ ಹಣಕ್ಕೆ ಅಂಗಡಿಯವರು ಏನೂ ಕಟ್ಟಬೇಕಾಗಿಲ್ಲ, 2020ರ ಜನವರಿಯಿಂದ ಹಾಗಿದೆ. ಬಾಡಿಗೆ ಡಬ್ಬಕ್ಕೆ ಮಾತ್ರ. ಯುಪಿಐಗೆ ಐದಕ್ಕೆ ನಾಲ್ಕೂವರೆ ಅಂಕ ಕೊಡುತ್ತೇನೆ, ಡಬ್ಬಕ್ಕೆ ಮೂರೂವರೆ. ಡಬ್ಬಕ್ಕೆ ಒಂದಂಕ ಕಡಿಮೆ ಮಾಡಿದ್ದು ಬಾಡಿಗೆ ವಿಷಯಕ್ಕೆ. ಡಬ್ಬ ಕೊಡುವಾಗ ಕಂಪನಿಯ ಹುಡುಗ "ಮೊದಲ ತಿಂಗಳು ಫ್ರೀ ಸಾರ್" ಅಂದು ನಮ್ಮ ಫೋನಿನಲ್ಲೇ ಆಟೋಪೇ, ಅಂದರೆ ಬಾಡಿಗೆ ಖಾತೆಯಿಂದ ತಾನಾಗೇ ಕಟ್ ಆಗೋದಕ್ಕೆ, ಒಪ್ಪಿಗೆ ಒತ್ತಿಸಿಕೊಂಡು ಹೋಗುತ್ತಾನೆ. ಡಬ್ಬ ಬೇಡ ಅಂತ ವಾಪಸ್ ಕೊಡೋದಾದರೆ ಮೊದಲು ಆ್ಯಪ್‌ನಲ್ಲಿ ಆಟೋಪೇ ನಿಲ್ಲಿಸಿ. ಇಲ್ಲದಿದ್ದರೆ ಡಬ್ಬ ಹೋಗಿರುತ್ತೆ, ಬಾಡಿಗೆ ಕಟ್ ಆಗುತ್ತಲೇ ಇರುತ್ತೆ.