ಕಿತ್ತಳೆಯ ಜಾಡು ಹಿಡಿದು ನಿಘಂಟುಗಳ ಪರೀಕ್ಷೆ

ಸ್ಟಾಕ್‌ಹೋಮಿನಿಂದ ಬಂದ ನೆಂಟರು ತಂದಿದ್ದ ಹಣ್ಣಿನ ರಸದ ಪೊಟ್ಟಣದ ಮಗ್ಗುಲಲ್ಲಿ ಒಳಗಿನ ಹಣ್ಣಿನ ಹೆಸರು ನಾಲ್ಕು ಭಾಷೆಗಳಲ್ಲಿ ಅಚ್ಚಾಗಿತ್ತು: ಸ್ವೀಡಿಷ್‌ನಲ್ಲಿ ‘ಅಪೆಲ್ಸಿನ್’, ಡ್ಯಾನಿಷ್ ಮತ್ತು ನಾರ್ವೇಜಿಯನ್‌ಗಳಲ್ಲಿ ‘ಅಪ್ಪೆಲ್ಸಿನ್’, ಫಿನ್ನಿಷ್‌ನಲ್ಲಿ ‘ಅಪ್ಪೆಲ್ಸೀನಿ’. ಚಿತ್ರ ನೋಡದೆ ಅಕ್ಷರವನ್ನಷ್ಟೇ ಓದಿದ ನಾನು ಅದನ್ನು ಸೇಬಿನ ರಸವೆಂದೇ ತಿಳಿದು ಲೋಟಕ್ಕೆ ಬಗ್ಗಿಸಿದೆ. ಬಂದದ್ದು ಕಿತ್ತಳೆಯ ರಸ. ಶಬ್ದಗಳ ಹುಟ್ಟನ್ನು ಹುಡುಕುವವರಿಗೆಂದು ಇರುವ ಸಾಧನಗಳನ್ನು ಒರೆಗೆ ಹಚ್ಚಲು ಇದಕ್ಕಿಂತ ಒಳ್ಳೆಯ ಪದ ಸಿಗಲಾರದೆಂದು ತೋರಿದ್ದರಿಂದ, ದುಡ್ಡು ಕೊಟ್ಟು ಕೊಂಡ ಒಂದು ಆ್ಯಪ್ ಅನ್ನೂ ಉಚಿತವಾಗಿ ದೊರೆಯುವ ಎರಡು ನಿಘಂಟುಗಳನ್ನೂ ಪಕ್ಕಪಕ್ಕದಲ್ಲಿ ತೆರೆದಿಟ್ಟುಕೊಂಡೆ.

ದುಡ್ಡು ಕೊಟ್ಟದ್ದರ ಮಾತು ಬೇಗ ಮುಗಿಯುತ್ತದೆ. ಹೆಸರು ಹೇಳಬೇಕಾಗಿಲ್ಲದ ಆ ಆ್ಯಪ್, ಹಣ್ಣಿಗೆ ‘ಆರೆಂಜ್’ ಎಂಬ ಹೆಸರು ನೆದರ್ಲೆಂಡಿನ ಅರಸು ಮನೆತನದಿಂದ ಬಂತೆಂದು ಧೈರ್ಯವಾಗಿ ಹೇಳಿತು. ಆ ಮನೆತನಕ್ಕೆ ಹೆಸರು ಕೊಟ್ಟದ್ದು ದಕ್ಷಿಣ ಫ್ರಾನ್ಸಿನ ಒರಾಂಜ್ ಪಟ್ಟಣ; ರೋಮನ್ನರ ಕಾಲದಲ್ಲಿ ಅದರ ಹೆಸರು ಅರಾಉಸಿಯೋ. ಊರಿಗೂ ಹಣ್ಣಿಗೂ ಹುಟ್ಟಿನಲ್ಲಿ ಸಂಬಂಧವಿಲ್ಲ. ಎರಡು ಹೆಸರುಗಳು ಬಾಯಿಂದ ಬಾಯಿಗೆ ಸವೆದು ಕೊನೆಗೆ ಒಂದೇ ರೂಪಕ್ಕೆ ಬಂದು ನಿಂತವು, ಅಷ್ಟೆ. ಅಂದೇ ಆ ಆ್ಯಪ್ ಅನ್ನು ಫೋನಿನಿಂದ ತೆಗೆದುಹಾಕಿದೆ.

ಎರಡನೆಯದು ‘ಆನ್‌ಲೈನ್ ಎಟಿಮಾಲಜಿ ಡಿಕ್ಷನರಿ’. ಅಮೆರಿಕದ ಡಗ್ಲಸ್ ಹಾರ್ಪರ್ ಬಹುಮಟ್ಟಿಗೆ ಒಬ್ಬರೇ ಕುಳಿತು ಕಟ್ಟಿದ ಇಂಗ್ಲಿಷ್ ವ್ಯುತ್ಪತ್ತಿ ಕೋಶವಿದು. ಇದರ ದೊಡ್ಡ ಗುಣವೆಂದರೆ ಕಾಲಕ್ರಮದ ಶಿಸ್ತು: ಇಂಗ್ಲಿಷಿನಿಂದ ಹಿಂದಕ್ಕೆ ಹಳೆಯ ಫ್ರೆಂಚ್, ಇಟಾಲಿಯನ್, ಅರಬಿಯ ‘ನಾರಂಜ್’, ಪಾರಸಿಯ ‘ನಾರಂಗ್’, ಸಂಸ್ಕೃತದ ‘ನಾರಂಗ’ ಎಂದು ಮೆಟ್ಟಿಲು ಮೆಟ್ಟಿಲಾಗಿ ಇಳಿಸುತ್ತದೆ. ಇಂಗ್ಲಿಷಿನಲ್ಲಿ ಇದು ಹಣ್ಣಿನ ಹೆಸರಾಗಿ 1300ರ ಸುಮಾರಿಗೇ ಬಂದರೂ ಬಣ್ಣದ ಹೆಸರಾಗಲು 16ನೆಯ ಶತಮಾನ ಬೇಕಾಯಿತು. ಕಿತ್ತಳೆ ಬಣ್ಣದ ಎದೆಯ ಪುಟ್ಟ ಹಕ್ಕಿ ರಾಬಿನ್ ಅನ್ನು ಇಂಗ್ಲೆಂಡಿನವರು ಇಂದಿಗೂ ‘ಕೆಂಪೆದೆ’ಯೆಂದು ಕರೆಯುವುದು ಇದೇ ಕಾರಣಕ್ಕೆ, ಹೆಸರಿಟ್ಟಾಗ ಆ ಬಣ್ಣಕ್ಕೆ ಅವರಲ್ಲಿ ಬೇರೆ ಪದವಿರಲಿಲ್ಲ.

ಮೊದಲಕ್ಷರ ‘ನ’ ಎಲ್ಲಿ ಹೋಯಿತೆಂಬುದಕ್ಕೂ ಇಲ್ಲಿ ಉತ್ತರವಿದೆ. ಇಟಾಲಿಯನ್‌ನ ‘ಉನ ನರಾಂಚ’, ಅಂದರೆ ‘ಒಂದು ಕಿತ್ತಳೆ’, ಎಂಬಲ್ಲಿ ಎರಡು ನಕಾರಗಳು ಹತ್ತಿರ ಬಂದಾಗ, ಹಳಗನ್ನಡ ಪದ್ಯವನ್ನು ಪದಚ್ಛೇದ ತಪ್ಪಿ ಓದಿದಂತೆ, ಹಣ್ಣಿನ ನಕಾರ ಹಿಂದಿನ ಪದದ ಪಾಲಾಗಿ ‘ಅರಾಂಚ’ ಉಳಿಯಿತು. ಸ್ಪೇನಿನವರು ‘ನರಾಂಹ’ ಎಂದು ನಕಾರವನ್ನು ಕಾಪಾಡಿಕೊಂಡರು, ಪೋರ್ಚುಗೀಸರು ಅದನ್ನು ಲಕಾರ ಮಾಡಿ ‘ಲರಾಂಜ’ ಎಂದರು. ನಾನು ನೋಡಿದ ವಿವರಣೆಗಳಲ್ಲಿ ಇಷ್ಟು ಕಡಿಮೆ ಮಾತಿನಲ್ಲಿ ಇಷ್ಟು ಸ್ಪಷ್ಟವಾಗಿರುವುದು ಬೇರೊಂದಿಲ್ಲ.

ಆದರೆ ಪೊಟ್ಟಣದ ‘ಅಪೆಲ್ಸಿನ್’ ಇದರಿಂದ ಬಗೆಹರಿಯುವುದಿಲ್ಲ. ಇಂಗ್ಲಿಷ್ ಪದದ ಬೇರನ್ನು ಹುಡುಕುವ ಕೋಶದಲ್ಲಿ ಪಕ್ಕದ ಮನೆಯ ಮರದ ಸುದ್ದಿ ಕಡಿಮೆಯೇ. ಅದಕ್ಕೆ 2002ರ ಡಿಸೆಂಬರಿನಲ್ಲಿ ಆರಂಭವಾದ ವಿಕ್ಷನರಿಯ ಇಂಗ್ಲಿಷ್ ಆವೃತ್ತಿಗೆ ಹೋಗಬೇಕು. ಅಲ್ಲಿ ‘ಆರೆಂಜ್’ ಪದದ ಕೆಳಗಿರುವ ಅನುವಾದಗಳ ಪಟ್ಟಿಯನ್ನು ಬಿಡಿಸಿದರೆ ಯುರೋಪು ಮೂರು ಹೋಳಾಗಿ ಕಾಣುತ್ತದೆ. ಪಶ್ಚಿಮ ಮತ್ತು ದಕ್ಷಿಣದಲ್ಲಿ, ಹಂಗೇರಿಯ ‘ನರಂಚ್’ ಅನ್ನೂ ಸೇರಿಸಿ, ‘ನಾರಂಗ’ದ ಮಕ್ಕಳು. ಉತ್ತರದಲ್ಲಿ ‘ಚೀನಾದ ಸೇಬು’: ಡಚ್ಚರ ‘ಸಿನಾಸಾಪ್ಪೆಲ್’, ಉತ್ತರ ಜರ್ಮನಿಯ ‘ಅಪ್‌ಫೆಲ್ಸೀನೆ’, ರಷ್ಯದ ‘ಅಪೆಲ್ಸಿನ್’. ರಸದ ಲೋಟದ ಒಗಟು ಇಲ್ಲಿ ಒಡೆಯಿತು. ಸೇಬೆಂದು ಓದಿದ್ದು ಅರ್ಧ ಸರಿಯೇ ಆಗಿತ್ತು. ಕಿತ್ತಳೆ ಬಣ್ಣದ ಅಂಗಿ ತೊಟ್ಟು ಫುಟ್‌ಬಾಲ್ ಆಡುವ, ಒರಾನ್ಯೆ ಮನೆತನದ ಅರಸರನ್ನು ಇಟ್ಟುಕೊಂಡಿರುವ ಡಚ್ಚರು ಹಣ್ಣನ್ನು ಮಾತ್ರ ಆ ಹೆಸರಿನಿಂದ ಕರೆಯುವುದಿಲ್ಲವೆಂಬುದು ಈ ಪಟ್ಟಿಯಿಂದ ನನಗೆ ಸಿಕ್ಕ ಲಾಭ.

ಮೂರನೆಯ ಹೋಳು ಆಗ್ನೇಯದ್ದು. ಗ್ರೀಕ್ ‘ಪೊರ್ತೊಕಾಲಿ’, ಬಲ್ಗೇರಿಯನ್ ‘ಪೊರ್ತೊಕಾಲ್’, ರೊಮೇನಿಯನ್ ‘ಪೊರ್ತೊಕಾಲ’, ಅವುಗಳ ನೆರೆಯ ಟರ್ಕಿಯ ‘ಪೋರ್ತಕಾಲ್’ ಇವೆಲ್ಲ ಪೋರ್ಚುಗಲ್ ದೇಶದ ಹೆಸರುಗಳೇ. ಅರಬ್ಬರ ಮೂಲಕ ಯುರೋಪಿಗೆ ಮೊದಲು ಬಂದದ್ದು ಹುಳಿ-ಕಹಿ ಕಿತ್ತಳೆ. ಸಿಹಿ ಕಿತ್ತಳೆ ಹರಡಿದ್ದು ಬಹಳ ತಡವಾಗಿ, ಹೆಚ್ಚಾಗಿ ಪೋರ್ಚುಗೀಸ್ ವರ್ತಕರ ಹೆಸರಿನೊಂದಿಗೆ. ಗ್ರೀಕರು ಹಳೆಯದಕ್ಕೆ ‘ನೆರಾನ್ಜಿ’ಯೆಂಬ ಹಳೆಯ ಹೆಸರನ್ನೇ ಉಳಿಸಿಕೊಂಡು ಹೊಸದಕ್ಕೆ ಹೊಸ ಹೆಸರಿಟ್ಟರು, ಅಥೆನ್ಸಿನ ಬೀದಿಬದಿಯಲ್ಲಿ ಹಣ್ಣು ತುಂಬಿ ನಿಂತಿರುವ ಮರಗಳು ಹೆಚ್ಚಾಗಿ ಈ ಕಹಿ ಜಾತಿಯವು. ಪೋರ್ಚುಗಲ್ಲಿನಲ್ಲಿ ಮಾತ್ರ ಯಾರೂ ಹಣ್ಣನ್ನು ಪೋರ್ಚುಗಲ್ ಎನ್ನುವುದಿಲ್ಲ. ಮೊಜಾಂಬಿಕ್‌ನಿಂದ ಹೆಸರು ಪಡೆದ ಮೂಸಂಬಿಯನ್ನು ಹಿಂಡಿ ಕುಡಿಯುವ ನಮಗೆ ಇದು ವಿಚಿತ್ರವಾಗಿ ಕಾಣಬೇಕಾಗಿಲ್ಲ.

ವಿಕ್ಷನರಿಯ ದೋಷವೆಂದರೆ ಅದು ಕಥೆ ಹೇಳುವುದಿಲ್ಲ. ಪಟ್ಟಿ ಅಕಾರಾದಿಯಲ್ಲಿರುವುದರಿಂದ ಈ ಮೂರು ಹೋಳುಗಳನ್ನು ಓದುಗರೇ ಕಾಗದದ ಮೇಲೆ ಬರೆದು ವಿಂಗಡಿಸಿಕೊಳ್ಳಬೇಕು. ನನಗೆ ಒಂದು ಸಂಜೆ ಪೂರ್ತಿ ಹಿಡಿಯಿತು. ಯಾರು ಬೇಕಾದರೂ ತಿದ್ದಬಹುದಾದ ಕೋಶವಾದ್ದರಿಂದ ಪುಟದಿಂದ ಪುಟಕ್ಕೆ ಗುಣಮಟ್ಟವೂ ಏರಿಳಿಯುತ್ತದೆ. ಕನ್ನಡ ವಿಕ್ಷನರಿಯಲ್ಲಿ ಅರ್ಥಗಳು ಸಿಗುತ್ತವೆ, ವ್ಯುತ್ಪತ್ತಿ ಅಪರೂಪ.

ಸಂಸ್ಕೃತದ ಮೆಟ್ಟಿಲಿನ ಕೆಳಗೆ ಏನಿದೆಯೆಂದು ತಿಳಿಯಬೇಕಾದರೂ ಇಲ್ಲಿಯೇ ಒಂದೊಂದು ಕೊಂಡಿಯನ್ನು ಒತ್ತುತ್ತ ಹೋಗಬೇಕು. ‘ನಾರಂಗ’ ಮೂಲತಃ ದ್ರಾವಿಡ ಪದವೆಂಬುದು ಅನೇಕ ಭಾಷಾಶಾಸ್ತ್ರಜ್ಞರ ಅಭಿಪ್ರಾಯ. ಪರಿಮಳವೆಂಬ ಅರ್ಥದ ‘ನಱು’ ಎಂಬ ಧಾತುವಿನೊಂದಿಗೆ ಅದನ್ನು ಜೋಡಿಸುವವರಿದ್ದಾರೆ. ತೆಲುಗಿನಲ್ಲಿ ಕಿತ್ತಳೆಗೆ ‘ನಾರಿಂಜ’ ಎಂಬ ಹೆಸರಿದೆ, ಮಲಯಾಳದಲ್ಲಿ ನಿಂಬೆಯೇ ‘ಚೆರುನಾರಂಗ’. ಕನ್ನಡದಲ್ಲಿ ಹಣ್ಣಿನ ಹೆಸರು ಬೇರೆ ದಾರಿ ಹಿಡಿದರೂ ಆ ‘ನಱು’ ನಮ್ಮ ‘ನರುಗಂಪು’ ಎಂಬ ಮಾತಿನಲ್ಲಿ ಇನ್ನೂ ಇದೆ. ಸಿಪ್ಪೆಗೆ ಉಗುರು ತಾಗಿಸಿದಾಗ ಏಳುವ ವಾಸನೆಗೆ ಅದಕ್ಕಿಂತ ಒಪ್ಪುವ ಪದ ನನಗೆ ಹೊಳೆಯುತ್ತಿಲ್ಲ.

ಒಂದೇ ಇಂಗ್ಲಿಷ್ ಪದದ ಚರಿತ್ರೆ ಸಾಕೆನ್ನುವವರಿಗೆ ಹಾರ್ಪರರ ಕೋಶವನ್ನು ಧಾರಾಳವಾಗಿ ಶಿಫಾರಸು ಮಾಡುತ್ತೇನೆ. ಭಾಷೆಯಿಂದ ಭಾಷೆಗೆ ದಾಟಬೇಕೆನ್ನುವವರು ವಿಕ್ಷನರಿಯನ್ನು ಹಿಡಿಯಲಿ, ಕೈಯಲ್ಲೊಂದು ಪೆನ್ಸಿಲ್ ಇರಲಿ. ಫೋನಿನ ಸಣ್ಣ ಪರದೆಗಿಂತ ಕಂಪ್ಯೂಟರಿನಲ್ಲಿ ತೆರೆಯುವುದು ಮೇಲು.